ರಾಗಿ ತೆನೆ ಮುಷ್ಟಿ ಕಟ್ಟಿದ್ದೇಕೆ

ಭೂಮಿ ಇನ್ನೂ ಹಸಿ ಮಡಕೆಯಂತೆ ಮೆತ್ತಗಿದ್ದ ಕಾಲ. ಬೆಟ್ಟಗಳು ಎಲ್ಲಿ ಕೂರಬೇಕೆಂದು ಇನ್ನೂ ಜಗಳವಾಡುತ್ತಿದ್ದವು. ಆಗ ರಾಗಿ ತೆನೆ ಈಗಿನ ಹಾಗಿರಲಿಲ್ಲ. ಬೆರಳುಗಳನ್ನೆಲ್ಲ ಅಗಲಿಸಿ, ಬಿಚ್ಚಿದ ಅಂಗೈಯ ಹಾಗೆ ನಿಂತಿರುತ್ತಿತ್ತು.

ರಾಗಿಯೆಂದರೆ ಕೊಡುಗೈ ದಾನಿ. ಕೆಳಗೆ ಮೊರ ಹಿಡಿದರೆ ಸಾಕು, ಸುರಸುರನೆ ಸುರಿಸಿಬಿಡುತ್ತಿದ್ದಳು. ಮಳೆರಾಯನೂ ಹೇಳಿದ ಹೊತ್ತಿಗೆ ಬಂದು, ಹೇಳಿದ ಹೊತ್ತಿಗೆ ಹೋಗುತ್ತಿದ್ದ. ಹೊನ್ನಾಜಿ ಎಂಬ ತಾಯಿಯೊಬ್ಬಳು ತುಂಡು ಹೊಲದಲ್ಲಿ ರಾಗಿ ಬೆಳೆದು, ಮೂರು ಮಕ್ಕಳಿಗೆ ಬಿಸಿ ಮುದ್ದೆ ಇಕ್ಕಿ ಸುಖವಾಗಿದ್ದಳು.

ಆಮೇಲೆ ಮಳೆರಾಯನಿಗೆ ಗಾಳಿಯ ಸಹವಾಸವಾಯಿತು. ಬಿತ್ತುವಾಗ ಬಾ ಎಂದರೆ ಬರಲಿಲ್ಲ. ಕೊಯ್ಯುವಾಗ ಬೇಡ ಎಂದರೆ ಗಾಳಿಯ ಹೆಗಲೇರಿ ಬಂದು ಬಡಿದ. ರಾಗಿಯ ಕೈಯಲ್ಲಿದ್ದುದೆಲ್ಲ ಕೆಸರಿಗೆ ಸುರಿಯಿತು. ಹೊನ್ನಾಜಿಯ ಮನೆಯಲ್ಲಿ ಉಳಿದದ್ದು ಒಂದೇ ಕುಡಿಕೆ ಬೀಜ. ಅದೂ ಕೆಸರಿನ ಪಾಲಾದರೆ ಮಕ್ಕಳಿಗೆ ಇನ್ನೆಂದೂ ಮುದ್ದೆಯಿಲ್ಲ.

ಹೊನ್ನಾಜಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಮುಗಿಲಿನತ್ತ ಮುಖವೆತ್ತಿದಳು. "ಏನಪ್ಪಾ ಮಳೆರಾಯ, ನಿಂಗೆ ಹೊತ್ತುಗೊತ್ತು ಒಂದೂ ಇಲ್ವಾ?"

"ನಾನೇನು ಮಾಡ್ಲವ್ವ? ಗಾಳಿ ಕರ್ಕೊಂಡು ಹೋದ ಕಡೆ ಹೋಗ್ತೀನಿ. ನನ್ನ ತಿದ್ದೋದು ಆಗದ ಮಾತು. ನಿನ್ನ ರಾಗೀನೇ ತಿದ್ಕೋ ಹೋಗು" ಎಂದ ಮಳೆರಾಯ.

ಊರಾಚೆಯ ಬಂಡೆಯ ಮೇಲೆ ಕಾಡುರಾಗಿ ಎಂಬ ಗಿಡ್ಡನೊಬ್ಬನಿದ್ದ. ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಿಪುಣ. ಬಿಸಿಲು ಸುಡಲಿ, ಬಿರುಗಾಳಿ ಬಡಿಯಲಿ, ಬಿಗಿದ ಮುಷ್ಟಿ ಬಿಚ್ಚುತ್ತಿರಲಿಲ್ಲ. ಅವನನ್ನು ನೋಡುತ್ತಲೇ ಹೊನ್ನಾಜಿಗೆ ನಗು ಬಂತು. ಈ ಜಿಪುಣನಿಗೂ ನಮ್ಮ ದುಂದುಗಾತಿಗೂ ಮದುವೆ ಮಾಡಿದರೆ ಹೇಗೆ? ಕುಡಿಕೆಯ ಬೀಜವನ್ನು ಅವಳು ಆ ಬಂಡೆಯ ಬುಡದಲ್ಲೇ ಬಿತ್ತಿದಳು. ಪೈರು ಎದ್ದು ಹೂ ಬಿಟ್ಟಿತು.

ಮದುವೆ ಮಾಡಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. "ಈ ಗಿಡ್ಡನನ್ನಾ?" ಎಂದು ರಾಗಿ ಮೂತಿ ತಿರುವಿದಳು. "ಇವಳು ನನ್ನ ಮನೆ ಗುಡಿಸಿ ಗುಂಡಾಂತರ ಮಾಡ್ತಾಳೆ" ಎಂದು ಕಾಡುರಾಗಿ ಗೊಣಗಿದ. ಹೊನ್ನಾಜಿ ಗಾಳಿಯನ್ನು ಕರೆದು, "ಅರ್ಧ ತಪ್ಪು ನಿಂದೇ. ಈಗ ನೀನೇ ಪುರೋಹಿತನಾಗು" ಎಂದಳು. ಗಾಳಿ ನಾಚಿಕೊಂಡು, ಅವನ ಹೂವಿನ ಪುಡಿಯನ್ನು ಅವಳ ಹೂವಿನ ಮೇಲೆ ಅಕ್ಷತೆಯ ಹಾಗೆ ಎರಚಿತು. ಹೊನ್ನಾಜಿಯ ಮಕ್ಕಳು ಬಂಡೆಯ ಮೇಲೆ ಕುಣಿದೇ ಕುಣಿದರು.

ಹುಟ್ಟಿದ ಪೈರೋ, ದೇವರೇ ಗತಿ! ಕೆಲವು ಅಮ್ಮನಂತೆ ಎಲ್ಲ ಸುರಿದವು. ಕೆಲವು ಅಪ್ಪನಂತೆ ಬಡಿಗೆಯಲ್ಲಿ ಬಡಿದರೂ ಬಿಡಲಿಲ್ಲ. ಪಕ್ಕದ ಹೊಲದ ಕಾಳಮ್ಮಜ್ಜಿ, "ಬೀಜಕ್ಕೆ ದಪ್ಪ ತೆನೆ ಆರಿಸ್ಕೊಳೇ, ನಮ್ಮತ್ತೆ ಕಾಲದಿಂದ್ಲೂ ಹಂಗೇ" ಎಂದಳು. ಹೊನ್ನಾಜಿ ಹಾಗೇ ಮಾಡಿದಳು. ಮರುವರ್ಷದ ಮಳೆಗೆ ದಪ್ಪ ತೆನೆಗಳೇ ಮೊದಲು ನೆಲ ಕಚ್ಚಿದವು. ಮಕ್ಕಳು ಸೊಪ್ಪು ಗೆಣಸು ತಿಂದು ಮಲಗಿದರು.

ಬೆಳಗ್ಗೆ ಹೊನ್ನಾಜಿ ನೋಡಿದರೆ ಕೆಸರಿನ ನಡುವೆ ಕೆಲವು ತೆನೆಗಳು ಇನ್ನೂ ನಿಂತಿವೆ! ದಪ್ಪವೂ ಅಲ್ಲ, ಚಂದವೂ ಅಲ್ಲ. ಒಂದನ್ನು ಕಿತ್ತು ಅಂಗೈಯಲ್ಲಿ ಉಜ್ಜಿದಳು. ಕಾಳು ಉದುರಿತು. "ಓಹೋ! ಮಳೆ ಬಡಿದ್ರೆ ಬಿಡಲ್ಲ, ನಾನು ಕೇಳಿದ್ರೆ ಬಿಡ್ತೀಯ. ನೀನು ನನ್ನ ಮಗಳು ಕಣೇ!"

ಅಂಥವನ್ನೇ ಆರಿಸಿ ಬಿತ್ತಿದಳು. ಮತ್ತೆ ಆರಿಸಿದಳು, ಮತ್ತೆ ಬಿತ್ತಿದಳು. ಮಳೆ ತಡವಾದರೂ ಪೈರು ಬಾಡಲಿಲ್ಲ. ಕೊನೆಗೊಂದು ಕೊಯ್ಲಿನ ದಿನ ಮಳೆರಾಯ ಹಿಂದೆಂದೂ ಇಲ್ಲದಂತೆ ಅಬ್ಬರಿಸಿದ. ಹೊನ್ನಾಜಿ ಕಂಬಳಿ ಕೊಪ್ಪೆ ಹಾಕಿಕೊಂಡು ಬದುವಿನ ಮೇಲೆ ನಿಂತು ಕೂಗಿದಳು: "ಹಿಡ್ಕೊಳ್ರೇ, ಗಟ್ಟಿಯಾಗಿ ಹಿಡ್ಕೊಳ್ರೇ!"

ತೆನೆಗಳೆಲ್ಲ ಒಟ್ಟಿಗೆ ಬೆರಳು ಮಡಿಚಿದವು. ಮಳೆ ನಿಂತಾಗ ನೆಲದ ಮೇಲೆ ಒಂದು ಕಾಳೂ ಇರಲಿಲ್ಲ. ಎಲ್ಲ ಮುಷ್ಟಿಯೊಳಗೇ!

ಹೊನ್ನಾಜಿ ಅತ್ತಳು, ಅಳುತ್ತಲೇ ನಕ್ಕಳು. ಅಂದು ಮೂರು ಮಕ್ಕಳೂ ಮುದ್ದೆ ನುಂಗಿ ಗಡದ್ದಾಗಿ ತೇಗಿದರು. ಕಾಳಮ್ಮಜ್ಜಿಯಿಂದ ಹಿಡಿದು ತುಂಡು ಹೊಲದವರಿಗೆಲ್ಲ ಹಿಡಿ ಹಿಡಿ ಬೀಜ ಹೋಯಿತು.

ಅದಕ್ಕೇ ಮಗು, ಇವತ್ತಿಗೂ ರಾಗಿ ತೆನೆ ಬೆರಳು ಮಡಿಚಿ ನಿಂತಿರುತ್ತದೆ. ಹೊಲಕ್ಕೆ ಹೋದಾಗ ಒಂದು ಮಾಗಿದ ತೆನೆಯನ್ನು ಮೆಲ್ಲಗೆ ಉಜ್ಜಿ ನೋಡು. ಬಿರುಮಳೆಗೆ ಬಿಡದ ಕಾಳನ್ನು ಅದು ನಿನ್ನ ಪುಟ್ಟ ಅಂಗೈಗೆ ಬಿಟ್ಟುಕೊಡುತ್ತದೆ.