ತೊಳೆದು ತೋರಿಸಿದ ಗಣಪತಿ

ಕುಂಬಾರ ಗುರುಸಿದ್ದವ್ವ ಮಾಡಿದ ಮಣ್ಣಿನ ಗಣಪತಿ ಅಂದರೆ ಗದಗಿನ ನಮ್ಮ ಓಣಿಗೆಲ್ಲ ಹೆಮ್ಮೆ. ಆ ವರ್ಷ ಅವಳ ಅಂಗಡಿಯ ಪಕ್ಕಕ್ಕೇ ಒಂದು ಕಂಪನಿ ಮಳಿಗೆ ಹಾಕಿತು. ‘ಅಪ್ಪಟ ಮಣ್ಣು, ನೀರಲ್ಲಿ ಕರಗುವ ಪರಿಸರಸ್ನೇಹಿ ಗಣಪ’ ಎಂದು ದೊಡ್ಡ ಹಸಿರು ಬೋರ್ಡು. ಓಣಿಯ ಹಿರಿಯರೂ ಮೂರ್ತಿ ಕೊಳ್ಳಲು ಅಲ್ಲೇ ನಿಂತರು.

ಮಳಿಗೆಯ ಮ್ಯಾನೇಜರು ಗುರುಸಿದ್ದವ್ವನತ್ತ ತಿರುಗಿ, “ಏನಮ್ಮಾ, ನಮ್ಮ ಬೋರ್ಡಿಗೆ ಅಡ್ಡ ಆಗ್ತಿದೆ. ಅಂಗಡಿ ಆಚೆ ಹಾಕ್ಕೋ,” ಎಂದ.

“ಹಾಕ್ಕೋತೀನ್ರೀ ಸಾಹೇಬ್ರ. ನಿಮ್ಮ ಗಣಪ್ಪನ ಮ್ಯಾಲೆ ಧೂಳ ಕುಂತೈತಿ, ತೊಳದ ಕೊಡ್ಲೇನ್ರೀ?”

“ಧಾರಾಳವಾಗಿ ತೊಳಿ!”

ಗುರುಸಿದ್ದವ್ವ ಮೂರ್ತಿಯ ಮೇಲೆ ಒಂದು ಕೊಡ ನೀರು ಸುರಿದಳು. ತೆಂಗಿನ ನಾರು ತಗೊಂಡು ಗಸಗಸ ತಿಕ್ಕಿದಳು. ಗಣಪತಿ ಫಳಫಳ ಹೊಳೆದ.

ಮ್ಯಾನೇಜರು ಎದೆಯುಬ್ಬಿಸಿದ. “ನೋಡಿದ್ರಾ? ಬಣ್ಣ ಹೋಗ್ಲಿಲ್ಲ, ಮೂಗು ಸವೀಲಿಲ್ಲ. ಇದು ನಮ್ಮ ಕ್ವಾಲಿಟಿ!”

“ಹಂಗಾದ್ರ ಕೆರ್‍ಯಾಗ ಹೆಂಗ ಕರಗತಾನ್ರೀ?” ಎಂದರು ಹಿರಿಯರು.

ಮ್ಯಾನೇಜರು ಬೋರ್ಡು ನೋಡಿದ. ಗಣಪತಿಯನ್ನು ನೋಡಿದ.

ಹಿರಿಯರು ಪಕ್ಕದ ಅಂಗಡಿಗೆ ಬಂದರು. ಗುರುಸಿದ್ದವ್ವ ಸೆರಗು ಸಿಕ್ಕಿಸಿಕೊಂಡು ಹೇಳಿದಳು: “ನನ್ನ ಗಣಪ್ಪನ್ನ ಹಬ್ಬಾ ಮುಗಿಯೂತನಕ ನೀರಿನ ಹತ್ರ ಬಿಡಬ್ಯಾಡ್ರೀ. ತಂಬಿಗಿ ನೀರ ಕಂಡ್ರ ಸಾಕು, ಹೊಳ್ಳಿ ಮಣ್ಣಾಗಾಕ ಹೊಂಟಬಿಡ್ತಾನ!”