ಪಿಕಳಾರದ ಹಾಡು, ಗಿಣಿಯ ದೂರು

ಹಕ್ಕಿಗಳೂ ವಿಡಿಯೊ ಹಾಕಲು ಕಲಿತಿದ್ದ ಕಾಲವದು. ಪಿಕಳಾರವೊಂದು ಗೂಡಿನ ಪಕ್ಕ ಕೂತು, ತಾನೇ ಕಟ್ಟಿದ ಹಾಡನ್ನು ಹಾಡಿ ಹಂಚಿಕೊಂಡಿತು. ಗಿಣಿ ಅದನ್ನು ಬಾಯಿಪಾಠ ಮಾಡಿ ತನ್ನ ಹೆಸರಲ್ಲಿ ಹಾಕಿತು. ಅಷ್ಟಕ್ಕೇ ಸುಮ್ಮನಿರದೆ, ಪಿಕಳಾರವೇ ಹಾಡು ಕದ್ದಿದೆಯೆಂದು ಕಾಪಿರೈಟ್ ದೂರನ್ನೂ ಕೊಟ್ಟಿತು. ವಿಡಿಯೊಗಳ ಉಸ್ತುವಾರಿ ನೋಡುತ್ತಿದ್ದ ಗೂಬೆ ಹಿಂದೆಮುಂದೆ ವಿಚಾರಿಸದೆ ಪಿಕಳಾರದ ವಿಡಿಯೊ ತೆಗೆದುಹಾಕಿತು.

ಪಿಕಳಾರಕ್ಕೆ ಮೈಯೆಲ್ಲ ಉರಿದುಹೋಯಿತು. ನೇರ ಗೂಬೆಯ ಬಳಿಗೆ ಹಾರಿತು.

"ಸ್ವಾಮಿ, ಆ ಹಾಡು ನನ್ನದಲ್ಲವಾದರೆ ಈ ಕೊಕ್ಕೂ ನನ್ನದಲ್ಲ. ಗಿಣಿಯನ್ನು ನನ್ನ ಗೂಡಿನ ಮುಂದೆ ಹಾಡಿಸಿ ನೋಡಿ."

ಗಿಣಿ ಎದೆಯುಬ್ಬಿಸಿ ಬಂತು. ವಿಡಿಯೊದಲ್ಲಿ ಕೇಳಿದ್ದನ್ನು ಒಂದಕ್ಷರವೂ ಬಿಡದೆ ಒಪ್ಪಿಸಿತು. ಹಾಡಿನ ನಡುವೆ, "ಚುಕ್ಕೀ, ಅಂಚಿಗೆ ಬರಬೇಡವೇ, ಬಿದ್ದೀಯೆ!" ಎಂದು ಪಿಕಳಾರದ ದನಿಯಲ್ಲೇ ಗದರಿತು ಕೂಡ.

"ಇಲ್ಲಮ್ಮಾ, ಒಳಗೇ ಇದ್ದೀನಿ!" ಎಂದು ಗೂಡಿನಿಂದ ಪಿಕಳಾರದ ಮರಿ ಕೂಗಿತು.

ಗೂಬೆ ಕಣ್ಣರಳಿಸಿತು. "ಗಿಣಿಯಮ್ಮ, ಈ ಚುಕ್ಕಿ ಯಾರ ಮಗಳು?"

ಮರವೆಲ್ಲ ನಗೆಯಿಂದ ಅಲುಗಿತು.

"ಕೇಳದೆ ಬಾಯಿ ಮುಚ್ಚಿಸಿದ್ದು ನನ್ನ ತಪ್ಪು," ಎಂದು ಗೂಬೆ ವಿಡಿಯೊವನ್ನು ಮತ್ತೆ ಹಾಕಿತು.

ಪಿಕಳಾರ ಕೊಂಬೆಯ ತುದಿಗೇರಿ ಸಾರಿತು: "ಯಾರು ಬೇಕಾದರೂ ಹಾಡಿ. ಆದರೆ ಕೇಳಿ ಹಾಡಿ, ಯಾರದೆಂದು ಹೇಳಿ ಹಾಡಿ."

ಈಗ ಕಾಡೆಲ್ಲ ಅದೇ ಹಾಡು. ಯಾರೇ ಹಾಡಲಿ, ಆ ಗದರಿಕೆ ಬಂದೊಡನೆ ಗೂಡುಗೂಡಿನ ಮರಿಗಳೂ ಒಟ್ಟಿಗೆ ಕೂಗುತ್ತವೆ: "ಚುಕ್ಕಿಯ ಅಮ್ಮನ ಹಾಡು!"