ದಾಸೋಹಕ್ಕೆ ಬಂದ ಚಿಯಾ

ಕಪಿಲೆಯ ದಡದ ಮಠದಲ್ಲಿ ದಾಸೋಹದ ಸೌಟು ಗುರುಮಲ್ಲನ ಕೈಗೆ ಬಂದು ಇನ್ನೂ ವಾರವಾಗಿರಲಿಲ್ಲ. ಅಷ್ಟರಲ್ಲೇ ಶಿಷ್ಯ ಮಠದ ಊಟವನ್ನೇ ತಿದ್ದಲು ಹೊರಟಿದ್ದ.

ಭಕ್ತರೊಬ್ಬರು ತಮ್ಮ ಹೊಲದ ಚಿಯಾ ಬೀಜವನ್ನು ಮೂಟೆಗಟ್ಟಿ ತಂದಿಳಿಸಿದ್ದರು. ಹೃದಯಕ್ಕೆ ಒಳ್ಳೆಯದು, ಮಲಬದ್ಧತೆಗೂ ಒಳ್ಳೆಯದು ಎಂದು ಗುರುಮಲ್ಲ ಓದಿಕೊಂಡಿದ್ದ. ತಾನೂ ತಿಂದು ನೋಡಿದ್ದ, ಮೈ ಹಗುರವಾಗಿತ್ತು. ಇನ್ನು ಕೇಳಬೇಕೆ? ಎಲ್ಲರ ಎಲೆಯ ಪಕ್ಕಕ್ಕೂ ಒಂದೊಂದು ಚಮಚ ಒಣ ಬೀಜ, ಒಂದೊಂದು ಲೋಟ ನೀರು ಇಟ್ಟುಬಿಟ್ಟ.

ಪಂಕ್ತಿ ಕೂತ ಮೇಲೆ ಯಾರೂ ಮಾತಾಡುವ ಹಾಗಿಲ್ಲ, ಬಡಿಸಿದ್ದನ್ನು ಬಿಡುವ ಹಾಗೂ ಇಲ್ಲ. ಅದು ಮಠದ ಕಟ್ಟಳೆ.

ನಂಜಯ್ಯ ತಾತ ಗುರುಗಳ ಪಕ್ಕದಲ್ಲೇ ಕೂತಿದ್ದರು. ಹಿಂದಿನ ವರ್ಷ ಪಾರ್ಶ್ವವಾಯು ಬಡಿದಾಗಿನಿಂದ ತುತ್ತು ನುಂಗುವುದೇ ಅವರಿಗೊಂದು ದೊಡ್ಡ ಕೆಲಸ. ಅವರು ಚಮಚ ಎತ್ತಿದ್ದೇ ತಡ, ಗುರುಗಳು ಕೈಚಾಚಿ ಅದನ್ನು ತೆಗೆದುಕೊಂಡರು. ಬೀಜವನ್ನು ತಮ್ಮ ಲೋಟದಲ್ಲಿ ಉಳಿದಿದ್ದ ಒಂದು ಗುಟುಕು ನೀರಿಗೆ ಸುರಿದು ಮುಚ್ಚಿಟ್ಟರು.

ಊಟ ಮುಗಿದು ಎಲ್ಲರೂ ಎದ್ದ ಮೇಲೆ ಗುರುಮಲ್ಲನನ್ನು ಕರೆದು ಆ ಲೋಟವನ್ನು ಬೋರಲು ಹಿಡಿದರು. ಬೀಜವೆಲ್ಲ ಉಬ್ಬಿ ಲೋಳೆಯಾಗಿ ತಳಕ್ಕೆ ಕಚ್ಚಿಕೊಂಡಿತ್ತು.

"ಲೋಟದಲ್ಲಿ ಹೀಗಾಯ್ತು. ಗಂಟಲಲ್ಲಿ ಆಗಿದ್ರೆ?"

ಗುರುಮಲ್ಲನ ಮುಖ ಸಣ್ಣದಾಯಿತು. ಆದರೆ ಅವನು ಅಷ್ಟು ಸುಲಭಕ್ಕೆ ಸೋಲುವ ಆಳಲ್ಲ.

"ನಾಳೆ ನೆನೆಸಿ ಕೊಡ್ತೀನಿ ಬುದ್ದಿ."

ಮರುದಿನ ನೆನೆಸಿದ. ಕೊಡುವುದಾದರೆ ಧಾರಾಳವಾಗಿ ಕೊಡೋಣ ಎಂದು ನೀರು ಕಮ್ಮಿ, ಬೀಜ ಹೆಚ್ಚು ಮಾಡಿ, ಬೆಲ್ಲ ಏಲಕ್ಕಿ ಕಲಸಿ, ಸೌಟು ತುಂಬ ಬಡಿಸಿದ. ಗುರುಗಳು ಉಂಡರು. ಸಾಲಿನವರೆಲ್ಲ ತುಟಿಪಿಟಕ್ಕೆನ್ನದೆ ಉಂಡರು.

ಎರಡನೇ ತುತ್ತಿಗೆ ನಂಜಯ್ಯ ತಾತ ಕೆಮ್ಮತೊಡಗಿದರು. ಮುದ್ದೆಗಟ್ಟಿದ ಲೋಳೆ ಗಂಟಲಿಗೆ ಹತ್ತಿಕೊಂಡಿತ್ತು. ಕಣ್ಣು ಕೆಂಪಾಯಿತು. ಗುರುಮಲ್ಲ ಸೌಟು ಎಸೆದು ಓಡಿ ಬರುವಷ್ಟರಲ್ಲಿ ಗುರುಗಳು ತಾತನನ್ನು ಮುಂದಕ್ಕೆ ಬಾಗಿಸಿ ಹಿಡಿದಿದ್ದರು.

"ಕೆಮ್ಮು ನಂಜಯ್ಯ. ಇನ್ನೂ ಕೆಮ್ಮು."

ಕೆಮ್ಮಿ ಕೆಮ್ಮಿ ಕೊನೆಗೆ ಅದು ಹೊರಬಿತ್ತು. ತಾತ ಉಸಿರೆಳೆದುಕೊಂಡರು. ತನ್ನ ಕೈಯಿಂದ ಒಂದು ಜೀವ ಹೋಗುತ್ತಿತ್ತಲ್ಲ ಎಂದುಕೊಂಡು ಗುರುಮಲ್ಲ ತಾತನ ಎಲೆಯನ್ನು ಎತ್ತಿಟ್ಟ.

ಸಂಜೆ ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದಾಗ ಅವನು ಸೌಟನ್ನು ಅವರ ಮುಂದಿಟ್ಟ.

"ಇದನ್ನ ಬೇರೆ ಯಾರಿಗಾದ್ರೂ ಕೊಡಿ ಬುದ್ದಿ."

"ಯಾಕೆ? ನೆನೆಸಿದ್ದೆಯಲ್ಲ."

"ನೆನೆಸಿದ್ದೆ. ಆದ್ರೂ ಹೀಗಾಯ್ತು."

"ಬೀಜಕ್ಕೆ ಏನು ಬೇಕು ಅಂತ ತಿಳ್ಕೊಂಡೆ. ನಂಜಯ್ಯನಿಗೆ ಏನು ಬೇಕು ಅಂತ ತಿಳ್ಕೊಂಡೆಯಾ?"

"ಅವರು ಹೇಳಲೇ ಇಲ್ಲ."

"ಪಂಕ್ತೀಲಿ ಕೂತೋನು ಹೇಗೆ ಹೇಳ್ತಾನೆ?"

"ನಾನಾದ್ರೂ ಹೇಗೆ ಕೇಳ್ಲಿ ಬುದ್ದಿ? ಮೌನ ಅಲ್ವಾ?"

"ಮೌನ ಉಣ್ಣೋರಿಗೆ. ಬಡಿಸೋನಿಗೂ ಅಂತ ಯಾರು ಹೇಳಿದ್ರು?"

ಗುರುಗಳು ಸೌಟನ್ನು ಅವನ ಕೈಗೇ ವಾಪಸ್ ಕೊಟ್ಟರು.

ಮರುದಿನ ಗುರುಮಲ್ಲ ಸ್ವಲ್ಪವೇ ಬೀಜವನ್ನು ಬೇಕಾದಷ್ಟು ನೀರಿನಲ್ಲಿ ನೆನೆಸಿ, ತೆಳ್ಳಗಿನ ಮಜ್ಜಿಗೆಗೆ ಬೆರೆಸಿದ. ಜನ ಒಳಗೆ ಬರುವ ಬಾಗಿಲಲ್ಲೇ ನಿಂತು, ಇದು ನಿಮ್ಮ ಮೈಗೆ ಆಗುತ್ತದೆಯೇ ಎಂದು ಒಬ್ಬೊಬ್ಬರನ್ನೂ ಕೇಳಿದ.

"ನಾನು ರಕ್ತ ತೆಳುವಾಗೋ ಮಾತ್ರೆ ತಗೋತೀನಪ್ಪ," ಎಂದರು ದಾಕ್ಷಾಯಣಮ್ಮ. "ಇದನ್ನ ತಿನ್ಬೋದಾ?"

"ನನಗೆ ಗೊತ್ತಿಲ್ಲಮ್ಮ. ನಿಮ್ಮ ಡಾಕ್ಟ್ರನ್ನ ಕೇಳ್ಕೊಂಡು ಬನ್ನಿ. ಅಲ್ಲೀವರೆಗೂ ಬೇಡ."

ಗೊತ್ತಿಲ್ಲ ಎಂಬ ಮಾತು ಗುರುಮಲ್ಲನ ಬಾಯಿಂದ ಬಂದದ್ದನ್ನು ಮಠದಲ್ಲಿ ಯಾರೂ ಕೇಳಿರಲಿಲ್ಲ. ಹೇಳಿದ ಮೇಲೆ ಅವನಿಗೇ ಹಾಯೆನಿಸಿತು. ಶುಗರಿನ ಮಾತ್ರೆಯವರಿಗೂ ಬಿಪಿ ಮಾತ್ರೆಯವರಿಗೂ ಅದನ್ನೇ ಹೇಳಿದ.

"ನನಗೆ ಅಂಬಲಿ ಸಾಕು ಮಗ," ಎಂದರು ನಂಜಯ್ಯ ತಾತ. ಅವರಿಗೆ ಅಂಬಲಿಯೇ ಬಂತು.

ಎಲ್ಲರೂ ಒಳಗೆ ಹೋದ ಮೇಲೆ ಗುರುಗಳು ಬಂದರು.

"ಬುದ್ದಿ, ತಮಗೆ ಬಡಿಸ್ಲಾ?"

ಗುರುಗಳು ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡರು.

"ಬೇಡಪ್ಪ. ನಿನ್ನೆಯಿಂದ ಹೊಟ್ಟೆ ಉಬ್ಬರಿಸಿಕೊಂಡು ಕೂತಿದೆ. ನೀನು ಯಾವಾಗ ಕೇಳ್ತೀಯೋ ಅಂತ ಕಾಯ್ತಿದ್ದೆ."